ಮೂರು ಮೈಲಿ ದ್ವೀಪದಲ್ಲಿ ಎಷ್ಟೊಂದು ಲೋಕ!

ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮದಲ್ಲಿ ಒಂದು ಮುಳುಗು, ನಿಮಿಷಾಂಬೆಗೆ ಒಂದು ಕೈಮುಗಿತ, ಊಟದ ಹೊತ್ತಿಗೆ ಮೈಸೂರು. ಶ್ರೀರಂಗಪಟ್ಟಣ ಅಂದರೆ ನಮ್ಮಲ್ಲಿ ಬಹುಮಂದಿಗೆ ಇಷ್ಟೇ. ದಶಪಥದ ಬೈಪಾಸ್ ಆದ ಮೇಲೆ ಅದೂ ಇಲ್ಲ. ಊರು ಪಕ್ಕದಲ್ಲೇ ಇದೆ ಅಂತ ಕಾರಿನಲ್ಲಿದ್ದವರಿಗೆ ಹೊಳೆಯುವಷ್ಟರಲ್ಲಿ ಕಾವೇರಿ ಹಿಂದೆ ಬಿದ್ದಿರುತ್ತದೆ. ಆದರೆ ಒಮ್ಮೆ ಇಳಿದು ನೋಡಿ ಸ್ವಾಮಿ! ಸುತ್ತ ಕಬ್ಬು, ಭತ್ತ, ತೆಂಗು. ನಡುವೆ ಮೂರು ಮೈಲಿ ಉದ್ದ, ಒಂದು ಮೈಲಿ ಅಗಲದ ದ್ವೀಪ. ಅದರ ಮೇಲೆ ಮಂಡ್ಯ ಜಿಲ್ಲೆಯ ಒಂದು ಸಾಧಾರಣ ತಾಲ್ಲೂಕು ಕೇಂದ್ರ. ಇಷ್ಟೇ ಜಾಗದಲ್ಲಿ ಕನ್ನಡದ ಮೊದಲ ನಾಟಕವಿದೆ, ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಯ ಮೊದಲ ಪುಟವಿದೆ, ಹಿಮಾಲಯದ ಎತ್ತರ ಅಳೆದ ಸರ್ವೆಯ ಬೀಜವಿದೆ, ಫ್ರೆಂಚ್ ಕ್ರಾಂತಿಯ ಒಂದು ಕಿಡಿ ಇದೆ ಅಂದರೆ ನಂಬುತ್ತೀರಾ?

ಎಲ್ಲಕ್ಕೂ ಮೊದಲು ನದಿ. ಪಡುವಣದಿಂದ ಬಂದ ಕಾವೇರಿ ಇಲ್ಲಿ ಎರಡಾಗಿ ಒಡೆದು, ಊರನ್ನು ತಬ್ಬಿಕೊಂಡು, ಮೂಡಣದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಆ ತೋಳುಗಳ ನಡುವೆ ಮಲಗಿದವನು ಆದಿರಂಗ. ಕ್ರಿ.ಶ. 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಗುಡಿ ಕಟ್ಟಿಸಿದನೆನ್ನುತ್ತಾರೆ. ಅಲ್ಲಿಂದಾಚೆಗೆ ಹೊಯ್ಸಳರು, ವಿಜಯನಗರದವರು, ಒಡೆಯರು, ಹೈದರ್, ಟಿಪ್ಪು, ಎಲ್ಲರೂ ಬಂದರು, ಹೋದರು. ರಂಗನಾಥ ಮಗ್ಗುಲು ಬದಲಿಸಲಿಲ್ಲ. ಟಿಪ್ಪುವಿನ ಅರಮನೆ ಇದ್ದದ್ದು ಇದೇ ಗುಡಿಯ ಹತ್ತಿರ. ಅರಮನೆಯ ಜಾಗದಲ್ಲಿ ಈಗ ಅಡಿಪಾಯ ಮಾತ್ರ ಉಳಿದಿದೆ. ಅವನು ಒಪ್ಪಿಸಿದ ಬೆಳ್ಳಿ ಪಾತ್ರೆಗಳು ಗುಡಿಯ ಲೆಕ್ಕದಲ್ಲಿವೆ. ಸಂಕ್ರಾಂತಿಯ ರಾತ್ರಿ ಲಕ್ಷದೀಪೋತ್ಸವ ಇಂದಿಗೂ ನಡೆಯುತ್ತದೆ.

ನದಿಗೆ ಮನುಷ್ಯ ಕೈಹಾಕಿದ್ದರ ಫಲವೂ ಇಲ್ಲೇ ಇದೆ, ಅದೂ ಎಂಥ ಫಲ! ರಣಧೀರ ಕಂಠೀರವ ನರಸರಾಜ ಒಡೆಯರು 1645–48ರ ಹೊತ್ತಿಗೆ ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದ್ದು ಗದ್ದೆಗೆ ನೀರು ಹರಿಸಲು. ನಿಂತ ನೀರಿನಲ್ಲಿ ತಿಟ್ಟುಗಳು ಎದ್ದವು, ತಿಟ್ಟುಗಳ ಮೇಲೆ ಮರ ಬೆಳೆದವು, ಮರಗಳ ಮೇಲೆ ಕೊಕ್ಕರೆಗಳು ಇಳಿದವು. ಮುಂದೆ ಸಲೀಂ ಅಲಿ ಇದನ್ನು ಕಂಡು ಮಹಾರಾಜರಿಗೆ ಹೇಳಿ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿಗಳ ಯೋಚನೆಯನ್ನೇ ಮಾಡದೆ ಕಟ್ಟಿದ ಒಡ್ಡಿನಿಂದ ಹುಟ್ಟಿದ ಹಕ್ಕಿಗಳ ರಾಜ್ಯ!

ಅದೇ ಕಂಠೀರವರ ಕಾಲದ ದಸರೆಯನ್ನು ಗೋವಿಂದ ವೈದ್ಯ ತನ್ನ ‘ಕಂಠೀರವ ನರಸರಾಜ ವಿಜಯ’ದಲ್ಲಿ ವರ್ಣಿಸಿದ್ದಾನೆ. ಆ ದಸರೆ ಮೈಸೂರಿನದಲ್ಲ, ಪಟ್ಟಣದ್ದು! 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಈ ಕೋಟೆಯನ್ನು ಪಡೆದ ವರ್ಷವೇ ಇಲ್ಲಿ ಶುರುವಾದ ಹಬ್ಬವದು. ಜಂಬೂಸವಾರಿ ನೋಡಲು ಮೈಸೂರಿಗೆ ನುಗ್ಗುವ ಲಕ್ಷಾಂತರ ಜನ ಹಬ್ಬದ ತವರುಮನೆಯನ್ನು ದಾಟಿಕೊಂಡೇ ಹೋಗುತ್ತಾರೆ, ತಿರುಗಿ ನೋಡದೆ.

ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಬನ್ನಿ, 1673ರಿಂದ 1704. ಕೋಟೆಯೊಳಗಿನ ಅರಮನೆಯಲ್ಲಿ ರಾಣಿಗೆ ಎಲೆ ಅಡಿಕೆಯ ಸಂಚಿ ಹಿಡಿದು ನಿಲ್ಲುವ ಊಳಿಗದ ಹೆಣ್ಣೊಬ್ಬಳು ಸಾಂಗತ್ಯದಲ್ಲಿ ಕಾವ್ಯ ಬರೆಯುತ್ತಾಳೆ. ಅವಳೇ ಸಂಚಿ ಹೊನ್ನಮ್ಮ, ಕಾವ್ಯ ‘ಹದಿಬದೆಯ ಧರ್ಮ’. ಹೆಣ್ಣು ಹೇಗಿರಬೇಕೆಂದು ಹೇಳುವ ಗ್ರಂಥದ ಒಳಗೇ, ಹೆಣ್ಣನ್ನು ಕೀಳೆಂದು ಜರೆಯುವವರನ್ನು ನಿಲ್ಲಿಸಿ ಪ್ರಶ್ನಿಸಿದ ಗಟ್ಟಿಗಿತ್ತಿ ಅವಳು. ಅದೇ ಆಸ್ಥಾನದಲ್ಲಿದ್ದ ಸಿಂಗರಾರ್ಯ ಹರ್ಷನ ‘ರತ್ನಾವಳಿ’ಯನ್ನು ಮೈಗೂಡಿಸಿಕೊಂಡು ‘ಮಿತ್ರವಿಂದಾ ಗೋವಿಂದ’ ಬರೆದ. ನಮಗೆ ಸಿಕ್ಕಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದು ಅದು. ಪಟ್ಟಣದ ಗೈಡುಗಳ ಬಾಯಲ್ಲಿ ಫಿರಂಗಿಯೇ ಗುಡುಗುತ್ತದೆ. ಹೊನ್ನಮ್ಮನ ಹೆಸರಿನ ಒಂದು ಫಲಕವಾದರೂ ಕೋಟೆಯ ಬಾಗಿಲಲ್ಲಿ ಇರಬೇಕಿತ್ತು ಎಂಬುದು ನನ್ನ ಹಟ.

ಫಿರಂಗಿಯ ಮಾತು ಬಂತಲ್ಲ. ಬನ್ನಿ, ಹೊಳೆಯ ಬದಿಯ ಬತೇರಿಯ ಕೆಳಗೆ ಇಳಿಯೋಣ. ಕರ್ನಲ್ ಬೇಯ್ಲಿ ಬಂದೀಖಾನೆ. ಚಾವಣಿ ಸೀಳಿಕೊಂಡು ಬಿದ್ದ ತೋಪು ಇನ್ನೂ ಒಳಗೇ ಕೂತಿದೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಪಡೆ ಕುಂಪಣಿಯ ದಂಡನ್ನು ನುಚ್ಚುನೂರು ಮಾಡಿ, ಬೇಯ್ಲಿಯನ್ನೂ ಅವನ ಜೊತೆಯವರನ್ನೂ ಹಿಡಿದು ಇಲ್ಲಿಗೆ ತಂದಿತು. ಬೇಯ್ಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಆ ಸೆರೆಯಾಳುಗಳಲ್ಲಿ ಸ್ಕಾಟ್ಲೆಂಡಿನ ಒಬ್ಬ ಮುಂಗೋಪಿ ಇದ್ದ, ಡೇವಿಡ್ ಬೇರ್ಡ್ ಅಂತ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಬಿಗಿದಿದ್ದಾರೆಂಬ ಸುದ್ದಿ ಊರಿಗೆ ಮುಟ್ಟಿದಾಗ ಅವನ ತಾಯಿ ಮರುಗಿದ್ದು ತನ್ನ ಮಗನಿಗಾಗಿ ಅಲ್ಲವಂತೆ, ಅವನ ಜೊತೆ ಕಟ್ಟಿಹಾಕಿಸಿಕೊಂಡ ಆ ಇನ್ನೊಬ್ಬ ಬಡಪಾಯಿಗಾಗಿ! ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕೊಳೆತು 1784ರಲ್ಲಿ ಬೇರ್ಡ್ ಹೊರಬಿದ್ದ. ಈ ಹೆಸರು ನೆನಪಿಟ್ಟುಕೊಳ್ಳಿ.

ಸೆರೆಮನೆಯಿಂದ ನೇರ ದರಿಯಾ ದೌಲತ್ತಿಗೆ ಹೋಗಿ, ಪಡುವಣ ಗೋಡೆಯ ಮುಂದೆ ನಿಲ್ಲಿ. ಅದೇ ಪೊಲ್ಲಿಲೂರು, ಈಗ ಬಣ್ಣದಲ್ಲಿ. ಮದ್ದಿನ ಗಾಡಿ ಸಿಡಿಯುತ್ತಿದೆ, ಕೆಂಪಂಗಿಯವರ ಸಾಲು ಕುಸಿಯುತ್ತಿದೆ, ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಯ್ಲಿ ಬೆರಳು ಕಚ್ಚುತ್ತಿದ್ದಾನೆ. ಟಿಪ್ಪು ಮಾತ್ರ ಕುದುರೆಯ ಮೇಲೆ ತೋಟಕ್ಕೆ ಹೊರಟವನ ಹಾಗೆ ನಿರಾಳ. ತಡವಾಗಿ ಬಂದ ನಿಜಾಮನ ದಂಡಿನ ಹತ್ತಿರ ಹಂದಿಯನ್ನೂ ಹಸುವನ್ನೂ ಬರೆದು ಗೇಲಿ ಮಾಡಿದ್ದಾರೆ. ಇನ್ನೂ ದೊಡ್ಡ ಬೆರಗು ಮುಂದಿದೆ. ತಮ್ಮದೇ ಸೋಲಿನ ಈ ಚಿತ್ರವನ್ನು ಜೋಪಾನ ಮಾಡಿದವರು ಇಂಗ್ಲಿಷರು. ಕೋಟೆ ಬಿದ್ದ ಮೇಲೆ ಇದೇ ಬಂಗಲೆಯಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಬಣ್ಣ ಕಟ್ಟಿಸಿದ. ಅರ್ಧ ಶತಮಾನದ ನಂತರ ಡಾಲ್‌ಹೌಸಿ ಮತ್ತೆ ಬರೆಸಿದ.

ಈಗ 1799. ಇಲ್ಲಿ ನದಿಯನ್ನು ಮರೆತರೆ ಕಥೆಯೇ ಅರ್ಥವಾಗುವುದಿಲ್ಲ. ಮುಂಗಾರಿನ ಕಾವೇರಿ ಇರುವಷ್ಟು ದಿನ ಈ ಕೋಟೆಯನ್ನು ಮುಟ್ಟುವ ಗಂಡಸಿಲ್ಲ. 1791ರಲ್ಲಿ ಕಾರ್ನ್‌ವಾಲಿಸ್ ಬಾಗಿಲ ತನಕ ಬಂದವನು ಮಳೆ, ಹಸಿವು, ಸತ್ತುಬಿದ್ದ ಎತ್ತುಗಳ ಕಾಟಕ್ಕೆ ತನ್ನ ದೊಡ್ಡ ತೋಪುಗಳನ್ನೇ ನಾಶಮಾಡಿ ಹಿಂದಿರುಗಿದ. ಮರುವರ್ಷ ಫೆಬ್ರುವರಿಯಲ್ಲಿ, ಹೊಳೆ ಇಳಿದಾಗ ಬಂದ. ಆಗ ಟಿಪ್ಪು ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಕೊಡಬೇಕಾಯಿತು. 1799ರಲ್ಲಿ ಜನರಲ್ ಹ್ಯಾರಿಸ್‌ಗೂ ಅದೇ ಆತಂಕ. ದಂಡಿನಲ್ಲಿ ಅಕ್ಕಿ ಮುಗಿಯುತ್ತಿದೆ, ಕೊಡಗಿನ ಕಡೆ ಮೋಡ ಕಟ್ಟುವ ಕಾಲ ಹತ್ತಿರವಾಗುತ್ತಿದೆ. ಮೇ 4ರ ನಡುಮಧ್ಯಾಹ್ನ, ಒಂದು ಗಂಟೆಯ ಸುಮಾರಿಗೆ, ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದ ಹೊಳೆಯನ್ನು ಸೈನಿಕರು ಕೆಲವೇ ನಿಮಿಷಗಳಲ್ಲಿ ದಾಟಿ ಒಡೆದ ಗೋಡೆಯನ್ನು ಹತ್ತಿದರು. ಕತ್ತಿ ಹಿರಿದು ಮುಂದೆ ನಿಂತವನು ಯಾರು? ಅದೇ ಬೇರ್ಡ್, ಇದೇ ಊರಿನ ಹಳೆಯ ಕೈದಿ! ಸಂಜೆಯ ಹೊತ್ತಿಗೆ ಟಿಪ್ಪುವಿನ ದೇಹ ಹೆಣಗಳ ರಾಶಿಯ ನಡುವೆ ಸಿಕ್ಕಿತು. ಮಳೆ ಇನ್ನೊಂದು ತಿಂಗಳು ಮುಂಚೆ ಬಂದಿದ್ದರೆ ನಮ್ಮ ಚರಿತ್ರೆಯ ಪುಸ್ತಕ ಎಷ್ಟು ಬೇರೆ ಇರುತ್ತಿತ್ತು ಅಂತ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಮುತ್ತಿಗೆಯ ದಂಡಿನಲ್ಲಿ ಇನ್ಯಾರು ಯಾರಿದ್ದರು ನೋಡಿ. ಸುಲ್ತಾನಪೇಟೆಯ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ, ಮೈಸೂರಿನ ರಾಕೆಟ್ಟುಗಳ ಏಟಿಗೆ ಹಿಮ್ಮೆಟ್ಟಿದ ಕರ್ನಲ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ. ರಾತ್ರಿಯ ನಡಿಗೆಯಲ್ಲಿ ನಕ್ಷತ್ರ ನೋಡಿ ‘ನಾವು ತಪ್ಪು ದಿಕ್ಕಿಗೆ, ಶತ್ರುವಿನ ಕಡೆಗೇ ನಡೆಯುತ್ತಿದ್ದೇವೆ’ ಎಂದು ಎಚ್ಚರಿಸಿದ ವಿಲಿಯಂ ಲ್ಯಾಂಬ್ಟನ್. ಗೆದ್ದ ನಾಡನ್ನು ತ್ರಿಕೋನಗಳಿಂದ ಅಳೆಯುವ ಯೋಜನೆ ಕೊಟ್ಟು, 1802ರಲ್ಲಿ ಮದ್ರಾಸಿನಲ್ಲಿ ಮೊದಲ ಗೆರೆ ಎಳೆದವನು. ಆ ಸರ್ವೆಯೇ ಬೆಳೆದು ಬೆಳೆದು ಎವರೆಸ್ಟಿನ ಎತ್ತರ ಹೇಳಿತು. ಶಾಸನ, ಕೈಫಿಯತ್ತುಗಳನ್ನು ರಾಶಿ ಹಾಕಿದ ಕಾಲಿನ್ ಮೆಕೆಂಜಿಯೂ ಇಲ್ಲೇ ಇಂಜಿನಿಯರ್ ಆಗಿದ್ದ. ಇನ್ನು ಆ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಹೊತ್ತೊಯ್ದು, ನೋಡಿ, ಕಲಿತು ಕಾಂಗ್ರೀವ್ ತನ್ನವನ್ನು ಮಾಡಿದ ಕಥೆ ಎಲ್ಲರಿಗೂ ಗೊತ್ತು.

ಲೂಟಿಯ ಕಥೆ ಅಷ್ಟು ಗೊತ್ತಿಲ್ಲ. ಸಿಪಾಯಿಯನ್ನು ಕೆಡವಿ ಗರ್ಜಿಸುವ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ, ಸಿಂಹಾಸನದ ಹುಲಿತಲೆ ವಿಂಡ್ಸರಿನಲ್ಲಿ, ಸುಲ್ತಾನ ತನ್ನ ಕೈಯಲ್ಲೇ ಬರೆದುಕೊಂಡ ಕನಸುಗಳ ಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿ. ಕೋಟೆ ಬಿದ್ದ ಮರುವರ್ಷವೇ ಕೆರ್ ಪೋರ್ಟರ್ ಎಂಬ ಕಲಾವಿದ ಲಂಡನ್ನಿನಲ್ಲಿ ಈ ಯುದ್ಧದ ಭಾರೀ ಚಿತ್ರ ಬರೆದು ಟಿಕೆಟ್ ಇಟ್ಟ, ಜನ ಮುಗಿಬಿದ್ದು ನೋಡಿದರು. ವಿಲ್ಕಿ ಕಾಲಿನ್ಸ್‌ನ 1868ರ ‘ದಿ ಮೂನ್‌ಸ್ಟೋನ್’, ಅಂದರೆ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಹಿರಿಯಣ್ಣ, ಆರಂಭವಾಗುವುದೇ ಪಟ್ಟಣದ ಲೂಟಿಯಿಂದ. ಆ ಕಥೆಯ ವಜ್ರ ಕಳವಾದದ್ದು ಇಲ್ಲಿ!

ಕೋಟೆ ಬೀಳುವುದಕ್ಕೂ ಎರಡು ವರ್ಷ ಮುಂಚೆ, 1797ರಲ್ಲಿ, ಇದೇ ದ್ವೀಪದಲ್ಲಿ ಫ್ರೆಂಚ್ ಸಿಪಾಯಿಗಳು ರಿಪೋ ಎಂಬ ಹಡಗಿನವನ ಮುಂದಾಳ್ತನದಲ್ಲಿ ಜಾಕೋಬಿನ್ ಕ್ಲಬ್ ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟು, ರಾಜರುಗಳಿಗೆಲ್ಲ ಧಿಕ್ಕಾರ ಕೂಗಿದರಂತೆ, ಒಬ್ಬ ರಾಜನನ್ನು ಬಿಟ್ಟು. ಅವನು ‘ನಾಗರಿಕ ಟಿಪ್ಪು’! ದಾಖಲೆಗಳು ಸಿಕ್ಕಿದ್ದು ಇಂಗ್ಲಿಷರ ಕೈಗೆ, ಅಚ್ಚು ಹಾಕಿಸಿದವರೂ ಅವರೇ. ಹಾಗಾಗಿ ಇದರಲ್ಲಿ ಎಷ್ಟು ನಿಜ ಎಂಬ ಜಗಳ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ.

ಗಂಜಾಮಿಗೆ ಹೋಗಿ. ಟಿಪ್ಪು ಶಿರಾದಿಂದ ಜನರನ್ನು ತಂದು ತುಂಬಿಸಿದ ಪೇಟೆ ಅದು, ಅಂಜೂರಕ್ಕೆ ಹೆಸರಾದ ಊರು. ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ನಮ್ಮವರಂತೆ ಉಡುತ್ತಿದ್ದ, ನಮ್ಮವರಂತೆ ಉಣ್ಣುತ್ತಿದ್ದ. ಸಿಡುಬಿನ ದೇವಿ ಹಾಕಿಸುವ ಹೊಸ ವಿದ್ಯೆಯನ್ನು ಹಳ್ಳಿ ಹಳ್ಳಿಗೆ ಒಯ್ದು 1803–04ರಲ್ಲಿ 25,432 ಮಂದಿಗೆ ಹಾಕಿದ ಲೆಕ್ಕ ಅವನದು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಕೊಟ್ಟ ಹಸ್ತಪ್ರತಿಯನ್ನು ಕುಂಪಣಿ ಎರಡು ಸಾವಿರ ವರಹಕ್ಕೆ ಕೊಂಡಿತು. ಒಂದೂವರೆ ಶತಮಾನ ಎಲ್ಲರೂ ಅದನ್ನು ಅವನದೇ ಎಂದು ಓದಿದರು. ಆಮೇಲೆ ಗೊತ್ತಾಯಿತು, ಅದರ ಬಹುಪಾಲು ಕೂರ್ದೂ ಎಂಬ ಹಿಂದಿನ ಪಾದ್ರಿಯ ಬರಹದಿಂದ ಎತ್ತಿದ್ದು! ದೇವಿ ಹಾಕಿದ ಲೆಕ್ಕ ಮಾತ್ರ ಅವನದೇ, ಅದಕ್ಕೆ ನಮಸ್ಕಾರ.

ಹಾಗಾದರೆ ಇಷ್ಟೆಲ್ಲ ಇದ್ದ ಊರು ಚಿಕ್ಕದಾದದ್ದು ಹೇಗೆ? ರಾಜಧಾನಿ ಮೈಸೂರಿಗೆ ಹೋಯಿತು. ಉಳಿದದ್ದನ್ನು ಜ್ವರ ತಿಂದಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದ ತುಂಬ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಿದ ಪ್ರವಾಸಿ ಬುಕನನ್, 1800ರಲ್ಲಿ ಕಂಡದ್ದು ಸುಮಾರು 32,000 ಮಂದಿಯನ್ನು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಲ್ಲುಕಂಬಗಳ ಮೇಲೆ ಚಪ್ಪಡಿ ಹಾಸಿ ವೆಲ್ಲೆಸ್ಲಿ ಸೇತುವೆ ಕಟ್ಟಿಸಿದರು. ಪ್ರವಾಹ ಬಂದಾಗ ಮುಳುಗಿ, ಇಳಿದಾಗ ಎದ್ದು, ಅದು ಇಂದಿಗೂ ನಿಂತಿದೆ. ಆದರೆ ಸೊಳ್ಳೆಗೆ ಯಾವ ಸೇತುವೆ? ಮಲೇರಿಯಾಕ್ಕೆ ಹೆದರಿದ ಇಂಗ್ಲಿಷರು 1809ರಲ್ಲಿ ದಂಡನ್ನು ಬೆಂಗಳೂರಿಗೆ ಎತ್ತಿದರು. ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ್ದು ಪಟ್ಟಣದ ಜ್ವರದಿಂದ ಅಂದರೆ ಕಂಟೋನ್ಮೆಂಟಿನ ಜನ ಹುಬ್ಬೇರಿಸಬಹುದು.

ಊರು ಸುಮ್ಮನಾಯಿತು ಅಂದುಕೊಂಡರೆ ಅದೂ ಇಲ್ಲ. 2017ರಲ್ಲಿ ಜೋಡಿ ರೈಲು ಹಳಿಗೆ ಅಡ್ಡ ಬಂದ ಟಿಪ್ಪುವಿನ ಮದ್ದಿನಮನೆಯನ್ನು ಕೆಡವದೆ, ಬುಡಸಮೇತ ಜಾಕಿಯ ಮೇಲೆ ಎತ್ತಿ, ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿದರು. ಇನ್ನೂರು ವರ್ಷ ದಾಟಿದ ಇಟ್ಟಿಗೆ ಗಾರೆಯ ಕಟ್ಟಡ ನಡೆಯಿತು!

ಕೊನೆಗೆ, ಬಸ್ಸಿನವರು ಯಾರೂ ಇಳಿಯದ ಗ್ಯಾರಿಸನ್ ಸ್ಮಶಾನ. ಅಲ್ಲಿನ ಕಲ್ಲುಗಳ ಮೇಲೆ ‘ದ ಮ್ಯೂರೋನ್ ರೆಜಿಮೆಂಟ್’ ಎಂಬ ಹೆಸರಿದೆ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ಲಿನ ಕೌಂಟ್ ಒಬ್ಬ ಕಟ್ಟಿದ ಬಾಡಿಗೆ ಪಡೆ ಇದು. ಡಚ್ಚರ ಕೈಕೆಳಗೆ ಕೊಲಂಬೊ ಕಾಯುತ್ತಿತ್ತು. 1795ರಲ್ಲಿ ಕ್ಲೆಘಾರ್ನ್ ಎಂಬ ಸ್ಕಾಟ್ಲೆಂಡಿನ ಪ್ರೊಫೆಸರ್ ಕೌಂಟನನ್ನು ಒಲಿಸಿ, ಇಡೀ ಪಡೆಯನ್ನೇ ಇಂಗ್ಲಿಷರ ಕಡೆಗೆ ತಿರುಗಿಸಿದ. ಪಕ್ಷ ಬದಲಿಸುವ ಸುದ್ದಿ ಕೊಲಂಬೊ ಮುಟ್ಟಿದ್ದು ಚೀಸ್ ಉಂಡೆಯ ಹೊಟ್ಟೆಯೊಳಗಂತೆ! ನಾಲ್ಕು ವರ್ಷಕ್ಕೆ ಅವರು ಕಾವೇರಿ ದಂಡೆಯಲ್ಲಿದ್ದರು, ಕೋಟೆ ಮುತ್ತಿದರು, ಆಮೇಲೆ ಇಲ್ಲೇ ಉಳಿದರು. ಹಲವರು ಹೆಂಡತಿ ಮಕ್ಕಳ ಸಮೇತ ಇಲ್ಲೇ ಮಣ್ಣಾದರು. ಈಚೆಗೆ ಆ ವಂಶದವರ ನೆರವಿನಿಂದ ಸಮಾಧಿಗಳು ರಿಪೇರಿಯಾಗಿವೆ.

ಉಳಿದ ಪಡೆ ಏನಾಯಿತು? ಯುರೋಪಿಗೆ ಮರಳಿ, ಹೊಸಬರನ್ನು ತುಂಬಿಕೊಂಡು, 1813ರಲ್ಲಿ ಅಮೆರಿಕದ ಮೇಲಿನ ಯುದ್ಧಕ್ಕೆ ಕೆನಡಾಗೆ ಹಡಗು ಹತ್ತಿತು. 1816ರಲ್ಲಿ ಪಡೆ ಕರಗಿದಾಗ ಲಾರ್ಡ್ ಸೆಲ್ಕರ್ಕ್ ಒಂದಷ್ಟು ಜನರನ್ನು ಕೂಲಿಗೆ ಹಿಡಿದು, ತುಪ್ಪಳದ ತೊಗಲಿನ ವ್ಯಾಪಾರದ ಜಗಳಕ್ಕೆ ಬಳಸಿ, ರೆಡ್ ರಿವರ್ ದಂಡೆಯಲ್ಲಿ ನೆಲ ಕೊಟ್ಟ. 1818ರಲ್ಲಿ ಬಂದ ಪಾದ್ರಿ ಅಲ್ಲಿನ ಇಗರ್ಜಿಗೆ ಈ ಜರ್ಮನ್ ಮಾತಿನ ಸಿಪಾಯಿಗಳ ಪ್ರೀತಿಯ ಸಂತ ಬೋನಿಫೇಸನ ಹೆಸರಿಟ್ಟ. 1826ರ ಮಹಾಪೂರಕ್ಕೆ ಮನೆಮಠ ಕಳೆದುಕೊಂಡ ಬಹುಮಂದಿ ಅಮೆರಿಕದ ಕಡೆ ನಡೆದುಬಿಟ್ಟರು. ಹೆಸರು ಮಾತ್ರ ಅಲ್ಲೇ ನಿಂತಿತು. ವಿನಿಪೆಗ್ ನಗರದ ಸೇಂಟ್ ಬೋನಿಫೇಸ್ ಬಡಾವಣೆಯಲ್ಲಿ ಇವತ್ತಿಗೂ ಒಂದು ರಸ್ತೆಯಿದೆ: ರ್‍ಯೂ ದೆ ಮ್ಯೂರೋನ್.