ದಪ್ಪಿನ ಪೆಟ್ಟು, ಬಯಲಿನ ಆಟ

ಗುಡೂರನ್ನು ನಡುವಿಟ್ಟುಕೊಂಡು ನಕಾಶೆಯ ಮೇಲೊಂದು ಸುತ್ತು ಎಳೆಯಿರಿ. ಪಶ್ಚಿಮಕ್ಕೆ ಬಾದಾಮಿ, ಪೂರ್ವಕ್ಕೆ ಇಲಕಲ್ಲು, ಹತ್ತಿರದಲ್ಲೇ ಐಹೊಳೆ, ಪಟ್ಟದಕಲ್ಲು. ಸುತ್ತನ್ನು ಇನ್ನಷ್ಟು ಹಿಗ್ಗಿಸಿದರೆ ಮುಧೋಳ ಸೀಮೆಯ ಹಲಗಲಿ, ಗೋಕಾಕ ಸೀಮೆಯ ಕುಲಗೋಡ. ಮಕ್ಕಳು ಮುದುಕರೆಲ್ಲ ಒಟ್ಟಿಗೆ ಕೂತು ನೋಡುವಂಥ ಬಯಲಿನ ಹಿಪ್‌ಹಾಪ್ ಸಂಗೀತ ನಾಟಕವೊಂದನ್ನು ಕಟ್ಟಲು ಏನೇನು ಬೇಕೋ ಅದೆಲ್ಲ ಈ ಸುತ್ತಿನೊಳಗೇ ಇದೆ! ಬೀಟು ಇದೆ, ಪ್ರಾಸ ಇದೆ, ಎದುರು ನಿಂತು ಸವಾಲು ಹಾಕುವ ಮ್ಯಾಳ ಇದೆ, ಬೆಳತನಕ ಎದ್ದಿರಬಲ್ಲ ಜನ ಇದ್ದಾರೆ. ಇದು ಹೊಳೆದ ಮೇಲೆ ಈ ಸೀಮೆಯ ಯಾವ ಕಟ್ಟೆಯನ್ನು ಕಂಡರೂ ನನಗೆ ರಂಗವಾಗಿಯೇ ಕಾಣುತ್ತದೆ.

ಮೊದಲು ಒಮ್ಮೆ ದೂರದೂರಿಗೆ ಹೋಗಿಬರೋಣ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಸಾಲಿ ಶುರುವಾಗುವ ಮೊದಲು ಹೊಸ ಬಟ್ಟೆ ಬೇಕಿತ್ತು. ದುಡ್ಡು ಕೂಡಿಸಲು ಆಕೆ ಪಾರ್ಟಿ ಇಟ್ಟಳು. ರೆಕಾರ್ಡು ಹಾಕಿದವನು ಅವಳ ಅಣ್ಣ, ಹದಿನೆಂಟರ ಹುಡುಗ ಕ್ಲೈವ್, ಜನರ ಬಾಯಲ್ಲಿ ಕೂಲ್ ಹರ್ಕ್. ಹಾಡಿನ ನಡುವೆ ದನಿಗಳೆಲ್ಲ ನಿಂತು ಡ್ರಮ್ಮಷ್ಟೇ ಉಳಿಯುವ ಗಳಿಗೆಗೆ ಕುಣಿಯುವವರು ಕಾಯುತ್ತಾರೆಂದು ಆತ ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದು ಮುಗಿಯುತ್ತಲೇ ಇನ್ನೊಂದನ್ನು ಹಚ್ಚಿ ಆ ಗಳಿಗೆಯನ್ನು ಬೇಕಾದಷ್ಟು ಹೊತ್ತು ಎಳೆದ. ಆ ಬೀಟಿನ ಮೇಲೆ ಮಾತು ಬಂತು, ಮಾತಿಗೆ ಪ್ರಾಸ ಬಂತು. ಮುಂದೆ ಆಟ ಪಾರ್ಕಿಗೆ ಇಳಿಯಿತು, ಬೀದಿದೀಪದ ಕಂಬದಿಂದ ಕರೆಂಟು ಎಳೆದುಕೊಂಡರು, ಓಣಿಗೆ ಓಣಿಯೇ ಬಂದು ನಿಂತಿತು. ಇಡೀ ಜಗತ್ತು ಕುಣಿಯುವ ಹಿಪ್‌ಹಾಪಿನ ಬುಡದಲ್ಲಿ ಒಬ್ಬ ತಂಗಿಯ ಸಾಲಿಬಟ್ಟೆ!

ಈಗ ನಮ್ಮ ಗೀಗೀ ಹಾಡಕಿಗೆ ಬನ್ನಿ. ಜಾತ್ರೆಯಲ್ಲಿ, ಗುಡಿಯ ಮುಂದೆ ಎರಡು ಗೀಗೀ ಮ್ಯಾಳ ಎದುರುಬದುರು. ಮುಂದಿನ ಹಾಡುಗಾರನ ಕೈಯಲ್ಲಿ ದಪ್ಪು. ಬೆನ್ನಿಗೆ ಇಬ್ಬರು, ಒಬ್ಬನ ಕೈಯಲ್ಲಿ ತುಂತುಣಿ, ಇನ್ನೊಬ್ಬನ ಕೈಯಲ್ಲಿ ತಾಳ. ಹರದೇಶಿ, ನಾಗೇಶಿ ಎಂದು ಎರಡು ಪಂಥ. ಒಬ್ಬರು ಶಿವ ಹೆಚ್ಚು ಅಂದರೆ ಇನ್ನೊಬ್ಬರು ಶಕ್ತಿ ಹೆಚ್ಚು. ಗಂಡು ದೊಡ್ಡದು ಅಂದರೆ ಅಲ್ಲ, ಹೆಣ್ಣು ದೊಡ್ಡದು. ಒಂದು ಮ್ಯಾಳ ಪುರಾಣದಿಂದ ಸವಾಲು ಎತ್ತಿ ಎಸೆದು ಕೂತರೆ, ಎದುರಿನವರು ಅಲ್ಲಿಯೇ ಜವಾಬು ಕಟ್ಟಿ, ಅದರ ಬಾಲಕ್ಕೆ ಹೊಸ ಸವಾಲು ಗಂಟುಹಾಕಿ ತಿರುಗಿ ಎಸೆಯಬೇಕು. ಉತ್ತರ ತಡವಾದರೆ ಕೂತ ಜನ ಸುಮ್ಮನೆ ಬಿಡುವುದಿಲ್ಲ. ಹಿಂದಿನ ಇಬ್ಬರು ಗೀ ಗೀ ಎಂದು ಪಲ್ಲವಿ ಎಳೆಯುವಾಗ ದಪ್ಪು ನಿಲ್ಲದೆ ಬೀಳುತ್ತಿರುತ್ತದೆ. ನನ್ನ ಕಿವಿಗೆ ಹರ್ಕ್ ಎರಡು ರೆಕಾರ್ಡು ಇಟ್ಟು ಎಳೆದ ಗಳಿಗೆ ಇದೇ! ಆ ಎಳೆತದೊಳಗೆ ಮುಂದಿನವನಿಗೆ ಉಸಿರೂ ಸಿಗುತ್ತದೆ, ಮುಂದಿನ ನುಡಿಯೂ ಸಿಗುತ್ತದೆ. ಕೊನೆಗೆ ಅಂಕಿತ: ತನ್ನ ಊರು, ತನ್ನ ದೈವ, ತನ್ನ ಗುರು. ರ‍್ಯಾಪರ್ ತನ್ನ ಓಣಿಯನ್ನೂ ತನ್ನ ತಂಡವನ್ನೂ ಹೆಸರು ಹಿಡಿದು ಕೂಗುವುದು ಇದಕ್ಕೇ ಅಲ್ಲವೇ? ಬ್ರಾಂಕ್ಸಿನವರು ನಮ್ಮಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ಒಬ್ಬರ ಹೆಸರನ್ನು ಒಬ್ಬರು ಕೇಳದ ಎರಡು ಸೀಮೆಗಳು ಅದೇ ಉಪಾಯವನ್ನು ಕಂಡುಕೊಂಡಿವೆ, ಬೆರಗು ಅದೇ.

ಬೆರಗು ಅಲ್ಲಿಗೂ ಮುಗಿಯುವುದಿಲ್ಲ. ಬಾದಾಮಿಯ ಕೆರೆಯ ಮೇಲ್ಬದಿಯ ಬಂಡೆಯೊಂದರಲ್ಲಿ ಸುಮಾರು 700ರ ಹೊತ್ತಿನ ಶಾಸನವಿದೆ, ಕಪ್ಪೆ ಅರಭಟ್ಟನದು. ದಾನವಿಲ್ಲ, ದತ್ತಿಯಿಲ್ಲ. ಇರುವುದು ಒಬ್ಬ ಮನುಷ್ಯನ ಹೆಸರು ಮತ್ತು ಅವನ ಖದರು. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕಂಟಕ, ಕಟ್ಟಿಟ್ಟ ಸಿಂಹದಂಥವನು ಎಂಬ ಧಾಟಿ. ಅದೂ ತ್ರಿಪದಿಯಲ್ಲಿ, ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ತ್ರಿಪದಿಯಲ್ಲಿ! ಅವ್ವಂದಿರು ಬೀಸುಕಲ್ಲಿನ ಮುಂದೆ ಹಾಡಿದ್ದೂ ಇದೇ ಮಟ್ಟಿನಲ್ಲಿ. ಬಯಲಿನ ಗೋಡೆಯ ಮೇಲೆ ಹೆಸರು ಬರೆಯುವುದು, ಪ್ರಾಸ ಕಟ್ಟಿ ಎದೆ ತಟ್ಟಿಕೊಳ್ಳುವುದು, ಹಿಪ್‌ಹಾಪಿನ ಎರಡು ಕೈಗಳೂ ಇಲ್ಲಿ ಒಂದೇ ಬಂಡೆಯ ಮೇಲೆ ಸೇರಿವೆ.

ಈ ಶಾಸನವನ್ನು ಓದಿ ಅಚ್ಚಿಗೆ ಕೊಟ್ಟವರು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್. ಅದೇ ಫ್ಲೀಟ್ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಅದರಲ್ಲೊಂದು ಹಲಗಲಿ ಬೇಡರದು. 1857ರಲ್ಲಿ ಹತಾರ ಒಪ್ಪಿಸಿ ಎಂಬ ಕಂಪನಿ ಸರಕಾರದ ಹುಕುಮನ್ನು ಧಿಕ್ಕರಿಸಿ ನಿಂತ ಊರಿನ ಕಥೆ. ಜಡಗ, ಬಾಲ, ಹನುಮ, ರಾಮರ ಹೆಸರನ್ನು ಕುರ್ತಕೋಟಿ ಕಲ್ಮೇಶನ ಅಂಕಿತದ ಆ ಲಾವಣಿ ಊರೂರಿಗೆ ಒಯ್ದಿತು. ಸರಕಾರ ಸುಟ್ಟ ಊರಿನ ಹಾಡನ್ನು ಸರಕಾರದ ಅಧಿಕಾರಿಯೇ ಉಳಿಸಿಟ್ಟ!

ಇಷ್ಟಾದರೂ ಹಾಡಕಿ ಸ್ಪರ್ಧೆಯಾಯಿತು, ನಾಟಕವಾಗಲಿಲ್ಲ. ನಾಟಕ ಬೇಕೆಂದರೆ ಶ್ರೀಕೃಷ್ಣ ಪಾರಿಜಾತ ಇದೆ. ಅಪರಾಳ ತಮ್ಮಣ್ಣ ರಚಿಸಿದ್ದನ್ನು ಕುಲಗೋಡ ತಮ್ಮಣ್ಣ ಬಯಲಿಗೆ ಒಗ್ಗಿಸಿ ಊರೂರಿಗೆ ಮುಟ್ಟಿಸಿದರು. ಹೆಣ್ಣು ರಂಗ ಹತ್ತುವುದೇ ಕಷ್ಟವಿದ್ದ ಕಾಲಕ್ಕೆ ಕೌಜಲಗಿ ನಿಂಗಮ್ಮ ಅದನ್ನಾಡಿ ಮನೆಮಾತಾದರು. ಪರದೆಯ ಹಂಗಿಲ್ಲ, ಟಿಕೆಟ್ಟಿನ ಹಂಗಿಲ್ಲ, ಹಾರ್ಮೋನಿಯಂ, ತಬಲಾ, ತಾಳ ಇದ್ದರಾಯಿತು. ಕೃಷ್ಣ ರುಕ್ಮಿಣಿಗೆ ಒಂದು ಹೂವು ಕೊಟ್ಟ, ಸತ್ಯಭಾಮೆ ಮುನಿದಳು. ಕಥೆ ಇಷ್ಟೇ, ಆದರೆ ಅದರ ಸುತ್ತ ರಾತ್ರಿಯಿಡೀ ಹಾಡು. ಭಾಗವತ ಪ್ರತಿ ಪಾತ್ರವನ್ನೂ ಊರಮಾತಿಗೆ ಎಳೆದು, ನೀ ಯಾರು, ಎಲ್ಲಿಂದ ಬಂದಿ ಎಂದು ಕಾಲೆಳೆಯುತ್ತಾನೆ. ದ್ವಾರಕೆಯ ರಾಣಿಯೂ ಆಗ ನಮ್ಮ ಓಣಿಯ ಅಕ್ಕನಂತೆ ತಿರುಗಿ ಮಾತಾಡುತ್ತಾಳೆ.

ನನಗೆ ಕಾಣುತ್ತಿರುವ ಆಟ ಇದೇ. ಗುಡೂರಿನ ಸಾಲಿಯ ಬಯಲಲ್ಲಿ ರುಕ್ಮಿಣಿಯ ಕಡೆಗೊಂದು ಮ್ಯಾಳ, ಸತ್ಯಭಾಮೆಯ ಕಡೆಗೊಂದು ಮ್ಯಾಳ, ಎರಡರಲ್ಲೂ ಮಕ್ಕಳು. ಹೂವು ಯಾರಿಗೆ ಸೇರಬೇಕೆಂದು ದಪ್ಪಿನ ಮೇಲೆ ಪ್ರಾಸ ಕಟ್ಟಿ ಸವಾಲ್-ಜವಾಬ್. ರ‍್ಯಾಪರ್‌ಗಳಾದ ಚಂದನ್ ಶೆಟ್ಟಿ, ಆಲ್ ಓಕೆ ಅವರ ಹಾಡುಗಳನ್ನು ಮೊಬೈಲಿನಲ್ಲಿ ಕೇಳಿ ಬಾಯಿಪಾಠ ಮಾಡಿದ ಹುಡುಗರಿಗೆ ಪ್ರಾಸ ಹೇಳಿಕೊಡಬೇಕಾಗಿಲ್ಲ. ತ್ರಿಪದಿಯ ಮಟ್ಟನ್ನು ಅಜ್ಜಿಯರು ಕೊಡಲಿ, ದಪ್ಪಿನ ಪೆಟ್ಟನ್ನು ಹಳೆಯ ಹಾಡಕಿಯವರು ಕೈಹಿಡಿದು ಕಲಿಸಲಿ. ಭಾಗವತ ಯಾರೇ ಆಗಲಿ, ಗದ್ದಲ ಮಾಡುವ ಚಿಕ್ಕ ಮಕ್ಕಳನ್ನು ಬೈಯದೆ ಅವರನ್ನೇ ಮಾತಿಗೆ ಎಳೆಯುವಂಥವನಾಗಿರಬೇಕು. ಅಣ್ಣನಿಗೆ ದೊಡ್ಡ ಪಾಲು ಸಿಕ್ಕಿತೆಂದು ಒಮ್ಮೆಯಾದರೂ ಅತ್ತ ಮಗುವಿಗೆ ಸತ್ಯಭಾಮೆಯ ಸಿಟ್ಟು ಪೂರಾ ಗೊತ್ತಿರುತ್ತದೆ, ಜವಾಬು ಅಲ್ಲಿಂದಲೇ ಬರುತ್ತದೆ.