ಹಡಗು ಯಾನದ ಮೊದಲು ಮತ್ತು ನಂತರ ಕೊಚ್ಚಿ ನಗರ ವೀಕ್ಷಣೆ: ಪ್ರವಾಸಿಗರಿಗೆ ಮಾಹಿತಿ

ಪೀಠಿಕೆ

ಅರಬ್ಬಿ ಸಮುದ್ರ ತೀರದ ಕೊಚ್ಚಿಯು ಭಾರತದ ಪಶ್ಚಿಮ ಕರಾವಳಿಯ ಪ್ರಮುಖ ಬಂದರುಗಳಲ್ಲಿ ಒಂದಾಗಿದೆ. ಲಕ್ಷದ್ವೀಪಕ್ಕೆ ತೆರಳುವ ಪ್ರಯಾಣಿಕ ಹಡಗುಗಳು ಇಲ್ಲಿಂದ ಹೊರಡುತ್ತವೆ. ಕ್ರೂಸ್ ಎಂದು ಕರೆಯಲಾಗುವ ವಿಹಾರ ಹಡಗುಗಳೂ ಈ ಬಂದರಿಗೆ ಬಂದು ಹೋಗುತ್ತವೆ. ಕರ್ನಾಟಕದಿಂದ ರೈಲು, ಬಸ್ಸು ಅಥವಾ ವಿಮಾನದ ಮೂಲಕ ಕೊಚ್ಚಿಯನ್ನು ತಲುಪಿ ಹಡಗು ಏರುವ ಪ್ರವಾಸಿಗರು ಯಾನದ ಹಿಂದಿನ ಅಥವಾ ಮುಂದಿನ ದಿನಗಳಲ್ಲಿ ನಗರವನ್ನೂ ನೋಡಲು ಬಯಸುವುದು ಸಹಜ. ಇಂತಹ ಪ್ರವಾಸಿಗರ, ವಿಶೇಷವಾಗಿ ಹಿರಿಯರು ಮತ್ತು ಮಕ್ಕಳೊಂದಿಗೆ ಪ್ರಯಾಣಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಯೋಜನೆಯ ಮೂಲ ತತ್ವ

ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ರೈಲು ತಪ್ಪಿದರೆ ಮರುದಿನ ಮತ್ತೊಂದು ರೈಲು ದೊರೆಯಬಹುದು. ಆದರೆ ಹಡಗು ತಪ್ಪಿದಲ್ಲಿ ಪಾವತಿಸಿದ ಹಣವು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ, ಮುಂದಿನ ಹಡಗಿಗೆ ಹಲವು ದಿನ ಕಾಯಬೇಕಾಗುತ್ತದೆ. ಹಡಗು ಹೊರಡುವ ವೇಳೆಗೆ ಬಂದರನ್ನು ತಲುಪಿದರೆ ಸಾಲದು. ಪ್ರಯಾಣಿಕರ ನೋಂದಣಿ ಹಾಗೂ ಭದ್ರತಾ ತಪಾಸಣೆಯನ್ನು ಅದಕ್ಕಿಂತ ಸಾಕಷ್ಟು ಮುಂಚಿತವಾಗಿಯೇ ಮುಕ್ತಾಯಗೊಳಿಸಲಾಗುತ್ತದೆ. ಆದ್ದರಿಂದ ಟಿಕೆಟ್‌ನಲ್ಲಿ ನಮೂದಿಸಿರುವ ನೋಂದಣಿ ಮುಕ್ತಾಯದ ವೇಳೆಯನ್ನೇ ಆಧಾರವಾಗಿ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ ನಗರ ವೀಕ್ಷಣೆಯನ್ನು ಯೋಜಿಸತಕ್ಕದ್ದು.

ಈ ಹಿನ್ನೆಲೆಯಲ್ಲಿ ಮೂರು ಅಂಶಗಳನ್ನು ಪಾಲಿಸುವುದು ಒಳಿತು.

1. ಕೊಚ್ಚಿಗೆ ಹಡಗು ಹೊರಡುವ ದಿನ ಬೆಳಿಗ್ಗೆ ತಲುಪದೆ, ಕನಿಷ್ಠ ಒಂದು ದಿನ ಮುಂಚಿತವಾಗಿ ತಲುಪಬೇಕು.
2. ಹಡಗು ಹೊರಡುವ ದಿನ ಬಂದರಿಗೆ ಸಮೀಪದ ಸ್ಥಳಗಳನ್ನು ಮಾತ್ರ ನೋಡಬೇಕು. ದೂರದ ಸ್ಥಳಗಳನ್ನು ಯಾನದ ನಂತರಕ್ಕೆ ಉಳಿಸಿಕೊಳ್ಳಬೇಕು.
3. ಯಾವ ಸ್ಥಳಕ್ಕೆ ಯಾವ ವಾರ ರಜೆ ಎಂಬುದನ್ನು ನೋಡಿ ಸ್ಥಳಗಳನ್ನು ಮೊದಲು ಮತ್ತು ನಂತರ ಎಂದು ಹಂಚಿಕೊಳ್ಳಬೇಕು.

ಬಂದರು ಮತ್ತು ನಗರದ ಪರಿಚಯ

ಕೊಚ್ಚಿ ನಗರವು ಹಿನ್ನೀರಿನಿಂದ ಬೇರ್ಪಟ್ಟ ಹಲವು ಭಾಗಗಳಿಂದ ಕೂಡಿದೆ. ಪೂರ್ವಕ್ಕೆ ರೈಲು ನಿಲ್ದಾಣ ಹಾಗೂ ವಾಣಿಜ್ಯ ಕೇಂದ್ರಗಳನ್ನುಳ್ಳ ಎರ್ನಾಕುಲಂ ಇದೆ. ಪಶ್ಚಿಮಕ್ಕೆ ಹಳೆಯ ಪಟ್ಟಣಗಳಾದ ಫೋರ್ಟ್ ಕೊಚ್ಚಿ ಮತ್ತು ಮಟ್ಟಾಂಚೇರಿ ಇವೆ. ಇವೆರಡರ ನಡುವೆ ವಿಲಿಂಗ್ಡನ್ ದ್ವೀಪವಿದೆ. 1920ರ ದಶಕದಲ್ಲಿ ಸರ್ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರ್ ಅವರ ಮೇಲ್ವಿಚಾರಣೆಯಲ್ಲಿ ಬಂದರಿನ ಆಳವನ್ನು ಹೆಚ್ಚಿಸುವಾಗ ತೆಗೆದ ಹೂಳಿನಿಂದ ಈ ದ್ವೀಪವನ್ನು ನಿರ್ಮಿಸಲಾಯಿತು. ವಿಹಾರ ಹಡಗುಗಳ ಪ್ರಯಾಣಿಕರಿಗಾಗಿ 2021ರಲ್ಲಿ ಉದ್ಘಾಟನೆಗೊಂಡ ‘ಸಾಗರಿಕ’ ಅಂತರರಾಷ್ಟ್ರೀಯ ಟರ್ಮಿನಲ್ ಈ ದ್ವೀಪದಲ್ಲಿದೆ.

ಬೆಂಗಳೂರು ಮತ್ತು ಕನ್ಯಾಕುಮಾರಿ ನಡುವೆ ಸಂಚರಿಸುವ ರೈಲನ್ನು ಇಂದಿಗೂ ಐಲ್ಯಾಂಡ್ ಎಕ್ಸ್‌ಪ್ರೆಸ್ ಎಂದು ಕರೆಯುವುದನ್ನು ಕನ್ನಡಿಗರು ಕೇಳಿರಬಹುದು. ಹಿಂದೆ ಈ ರೈಲು ಬೆಂಗಳೂರಿನಿಂದ ವಿಲಿಂಗ್ಡನ್ ದ್ವೀಪದ ಬಂದರು ನಿಲ್ದಾಣದವರೆಗೆ ಓಡುತ್ತಿದ್ದುದರಿಂದ ಅದಕ್ಕೆ ಈ ಹೆಸರು ಬಂದಿತು. ಈಗ ಕರ್ನಾಟಕದ ಪ್ರಯಾಣಿಕರು ಎರ್ನಾಕುಲಂ ಟೌನ್ ಅಥವಾ ಎರ್ನಾಕುಲಂ ಜಂಕ್ಷನ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಆಟೋ ಅಥವಾ ಟ್ಯಾಕ್ಸಿಯ ಮೂಲಕ ದ್ವೀಪವನ್ನು ತಲುಪಬೇಕು. ನೆಡುಂಬಾಶ್ಶೇರಿಯಲ್ಲಿರುವ ವಿಮಾನ ನಿಲ್ದಾಣವು ನಗರದಿಂದ ಸುಮಾರು 30 ಕಿ.ಮೀ. ಉತ್ತರಕ್ಕಿದ್ದು, ಬಂದರಿನಿಂದ ಇನ್ನೂ ದೂರವಾಗುತ್ತದೆ. ವಾಹನ ದಟ್ಟಣೆಯ ವೇಳೆಯಲ್ಲಿ ಈ ಪ್ರಯಾಣಕ್ಕೆ ಒಂದೂವರೆ ಗಂಟೆಗೂ ಹೆಚ್ಚು ಕಾಲ ಹಿಡಿಯಬಹುದು.

ಯಾನದ ಮೊದಲು ನೋಡಬಹುದಾದ ಸ್ಥಳಗಳು

ಯಾನಕ್ಕೆ ಮುನ್ನ ಫೋರ್ಟ್ ಕೊಚ್ಚಿ ಹೆಚ್ಚು ಸೂಕ್ತ. ಇಲ್ಲಿನ ಬಹುತೇಕ ಸ್ಥಳಗಳನ್ನು ನಡೆದುಕೊಂಡೇ ನೋಡಬಹುದು ಹಾಗೂ ವಿಲಿಂಗ್ಡನ್ ದ್ವೀಪವನ್ನು ಸೇತುವೆಯ ಮೂಲಕ ರಸ್ತೆಯಲ್ಲಿ ತಲುಪಬಹುದು.

ಸಂತ ಫ್ರಾನ್ಸಿಸ್ ಚರ್ಚ್: ಪೋರ್ಚುಗೀಸರು 1503ರಲ್ಲಿ ಇಲ್ಲಿ ಮೊದಲು ಮರದ ಚರ್ಚ್ ಕಟ್ಟಿದರು. 1524ರಲ್ಲಿ ಕೊಚ್ಚಿಯಲ್ಲಿ ಮರಣ ಹೊಂದಿದ ನಾವಿಕ ವಾಸ್ಕೋ ಡ ಗಾಮನನ್ನು ಇಲ್ಲಿಯೇ ಸಮಾಧಿ ಮಾಡಲಾಗಿತ್ತು. ನಂತರ ಅವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಕೊಂಡೊಯ್ಯಲಾಯಿತು. ಸಮಾಧಿಯ ಸ್ಥಳವನ್ನು ಈಗಲೂ ಗುರುತಿಸಿ ಕಾಪಾಡಲಾಗಿದೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುವುದರಿಂದ ವೀಕ್ಷಣೆಗೆ ಇತರ ವೇಳೆ ಅನುಕೂಲ.

ಚೀನೀ ಬಲೆಗಳು: ಸಮುದ್ರದ ದಡದಲ್ಲಿ ಮರದ ಕಂಬಗಳಿಗೆ ಕಟ್ಟಿದ ಈ ದೊಡ್ಡ ಬಲೆಗಳನ್ನು ಕಲ್ಲುಗಳ ಪ್ರತಿಭಾರದ ನೆರವಿನಿಂದ ಹಲವು ಮೀನುಗಾರರು ಒಟ್ಟಾಗಿ ಇಳಿಸಿ ಎತ್ತುತ್ತಾರೆ. ಬೆಳಗಿನ ಹೊತ್ತು ಮತ್ತು ಸಂಜೆ ಇವುಗಳನ್ನು ನೋಡಲು ಪ್ರಶಸ್ತವಾಗಿದೆ.

ಕಥಕಳಿ: ಫೋರ್ಟ್ ಕೊಚ್ಚಿಯಲ್ಲಿ ಪ್ರವಾಸಿಗರಿಗಾಗಿ ಸಂಜೆ ಕಥಕಳಿ ಪ್ರದರ್ಶನಗಳು ನಡೆಯುತ್ತವೆ. ಪ್ರದರ್ಶನಕ್ಕೆ ಮೊದಲು ಕಲಾವಿದರು ಬಣ್ಣ ಹಚ್ಚಿಕೊಳ್ಳುವುದನ್ನು ನೋಡಲು ಸಹ ಅವಕಾಶವಿರುತ್ತದೆ. ನಮ್ಮ ಕರಾವಳಿಯ ಯಕ್ಷಗಾನವನ್ನು ಬಲ್ಲವರಿಗೆ ಎರಡು ಕಲೆಗಳ ವೇಷಭೂಷಣ ಹಾಗೂ ಮುಖವರ್ಣಿಕೆಯನ್ನು ಹೋಲಿಸಿ ನೋಡುವುದು ವಿಶೇಷ ಅನುಭವವಾಗುತ್ತದೆ. ಇದನ್ನು ಹಡಗು ಏರುವ ಹಿಂದಿನ ಸಂಜೆಗೆ ಇಟ್ಟುಕೊಳ್ಳಬಹುದು.

ಯಾನದ ನಂತರ ನೋಡಬಹುದಾದ ಸ್ಥಳಗಳು

ಮಟ್ಟಾಂಚೇರಿ ಅರಮನೆ: ಪೋರ್ಚುಗೀಸರು 16ನೇ ಶತಮಾನದ ಮಧ್ಯಭಾಗದಲ್ಲಿ ಈ ಅರಮನೆಯನ್ನು ಕಟ್ಟಿಸಿ ಕೊಚ್ಚಿಯ ಅರಸನಿಗೆ ಒಪ್ಪಿಸಿದರು. ನಂತರ ಡಚ್ಚರು ದುರಸ್ತಿ ಮಾಡಿದ ಕಾರಣ ಇದು ಡಚ್ ಅರಮನೆ ಎಂದೇ ಹೆಸರಾಗಿದೆ. ರಾಮಾಯಣದ ಕಥೆಯನ್ನು ನಿರೂಪಿಸುವ ಭಿತ್ತಿಚಿತ್ರಗಳು ಇಲ್ಲಿನ ಮುಖ್ಯ ಆಕರ್ಷಣೆ. ಶುಕ್ರವಾರ ರಜೆ ಇರುತ್ತದೆ.

ಪರದೇಶಿ ಯಹೂದಿ ಪ್ರಾರ್ಥನಾ ಮಂದಿರ: 1568ರಲ್ಲಿ ನಿರ್ಮಾಣವಾದ ಈ ಮಂದಿರವು ಅರಮನೆಯ ಸಮೀಪದಲ್ಲಿದೆ. ಶನಿವಾರವು ಯಹೂದಿಗಳ ವಿಶ್ರಾಂತಿಯ ದಿನವಾದ್ದರಿಂದ ಅಂದು ಪ್ರವೇಶವಿರುವುದಿಲ್ಲ. ಶುಕ್ರವಾರ ಮತ್ತು ಯಹೂದಿ ಹಬ್ಬದ ದಿನಗಳಲ್ಲಿ ಹೋಗುವವರು ಮೊದಲೇ ವಿಚಾರಿಸಿಕೊಳ್ಳಬೇಕು.

ತಿರುಮಲ ದೇವಸ್ವಂ ದೇವಾಲಯ: ಮಟ್ಟಾಂಚೇರಿಯ ಚೆರಳಾಯಿಯಲ್ಲಿರುವ ಈ ದೇವಾಲಯವು ಕೊಂಕಣಿ ಭಾಷಿಕ ಗೌಡ ಸಾರಸ್ವತ ಸಮಾಜಕ್ಕೆ ಸೇರಿದೆ. ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿಯೂ ಈ ಸಮಾಜದವರು ಹೆಚ್ಚಿನ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಕೇರಳದ ಅನೇಕ ದೇವಾಲಯಗಳಲ್ಲಿ ಪುರುಷರು ಅಂಗಿ ತೆಗೆದು ಪಂಚೆಯುಟ್ಟು ಪ್ರವೇಶಿಸುವ ಪದ್ಧತಿಯಿರುವುದರಿಂದ ಒಂದು ಪಂಚೆಯನ್ನು ಜೊತೆಗಿರಿಸಿಕೊಳ್ಳುವುದು ಉತ್ತಮ.

ತ್ರಿಪ್ಪೂಣಿತ್ತುರ ಹಿಲ್ ಪ್ಯಾಲೇಸ್: ಕೊಚ್ಚಿ ರಾಜಮನೆತನದ ಈ ಅರಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ. ಕೊಚ್ಚಿ ಮೆಟ್ರೋ ರೈಲು 2024ರಿಂದ ತ್ರಿಪ್ಪೂಣಿತ್ತುರದವರೆಗೆ ಸಂಚರಿಸುತ್ತಿರುವುದರಿಂದ ಎರ್ನಾಕುಲಂನಿಂದ ಸುಲಭವಾಗಿ ಹೋಗಬಹುದು. ಸೋಮವಾರ ರಜೆ ಇರುತ್ತದೆ.

ಒಂದು ಉದಾಹರಣೆ

ಹಡಗು ಶನಿವಾರ ಸಂಜೆ ಹೊರಟು ಮಂಗಳವಾರ ಬೆಳಿಗ್ಗೆ ಹಿಂದಿರುಗುತ್ತದೆ ಎಂದು ಭಾವಿಸೋಣ. ಪ್ರವಾಸಿಗರು ಶುಕ್ರವಾರ ಬೆಳಿಗ್ಗೆ ಕೊಚ್ಚಿ ತಲುಪಿದರೆ ಅಂದು ಮಟ್ಟಾಂಚೇರಿ ಅರಮನೆ ಮುಚ್ಚಿರುತ್ತದೆ, ಮರುದಿನ ಯಹೂದಿ ಮಂದಿರವೂ ಮುಚ್ಚಿರುತ್ತದೆ. ಆದ್ದರಿಂದ ಶುಕ್ರವಾರ ವಿಶ್ರಾಂತಿಯ ನಂತರ ಫೋರ್ಟ್ ಕೊಚ್ಚಿಯ ಚರ್ಚ್, ಚೀನೀ ಬಲೆಗಳು ಮತ್ತು ಸಂಜೆಯ ಕಥಕಳಿಯನ್ನು ನೋಡಬಹುದು. ಶನಿವಾರ ಬೆಳಿಗ್ಗೆ ಹೊಸ ಸ್ಥಳಗಳಿಗೆ ಹೋಗದೆ, ಬೇಗ ಊಟ ಮುಗಿಸಿ ಬಂದರಿಗೆ ತೆರಳಬೇಕು. ಮಂಗಳವಾರ ಮಟ್ಟಾಂಚೇರಿಯ ಅರಮನೆ ಮತ್ತು ಯಹೂದಿ ಮಂದಿರ ಎರಡಕ್ಕೂ ವಾರ ರಜೆ ಇರುವುದಿಲ್ಲ. ಅಂದು ಅವುಗಳನ್ನು ನೋಡಿ ರಾತ್ರಿ ರೈಲಿನಲ್ಲಿ ಊರಿಗೆ ಮರಳಬಹುದು. ಹೀಗೆ ಒಂದೇ ನಗರವನ್ನು ಎರಡು ಭಾಗಗಳಲ್ಲಿ, ಯಾವುದೇ ಆತುರವಿಲ್ಲದೆ ನೋಡಿದಂತಾಗುತ್ತದೆ.

ನಗರದೊಳಗಿನ ಸಂಚಾರ

ಎರ್ನಾಕುಲಂ ದೋಣಿ ನಿಲ್ದಾಣದಿಂದ ಫೋರ್ಟ್ ಕೊಚ್ಚಿಗೆ ರಾಜ್ಯ ಜಲ ಸಾರಿಗೆ ಇಲಾಖೆಯ ದೋಣಿಗಳು ಕಡಿಮೆ ದರದಲ್ಲಿ ಸಂಚರಿಸುತ್ತವೆ. 2023ರಲ್ಲಿ ಆರಂಭವಾದ ಕೊಚ್ಚಿ ಜಲ ಮೆಟ್ರೋದ ವಿದ್ಯುತ್ ದೋಣಿಗಳು ಹೈಕೋರ್ಟ್ ನಿಲ್ದಾಣದಿಂದ ಫೋರ್ಟ್ ಕೊಚ್ಚಿಗೂ ಸಂಪರ್ಕ ಕಲ್ಪಿಸಿವೆ. ರಜಾ ದಿನಗಳಲ್ಲಿ ದೋಣಿಗಾಗಿ ಸರತಿಯಲ್ಲಿ ಕಾಯಬೇಕಾಗುವುದರಿಂದ ಹಡಗು ಏರುವ ದಿನ ರಸ್ತೆ ಮಾರ್ಗವನ್ನೇ ಅವಲಂಬಿಸುವುದು ಸುರಕ್ಷಿತ.

ಸಾಮಾನು ಮತ್ತು ದಾಖಲೆಗಳು

ಯಾನದ ಮೊದಲು ತಂಗಿದ್ದ ವಸತಿಗೃಹದಲ್ಲಿಯೇ ಯಾನದ ನಂತರವೂ ಸಾಮಾನು ಇರಿಸಲು ಅವಕಾಶವಿದೆಯೇ ಎಂದು ಮುಂಗಡವಾಗಿ ಕೇಳಿಕೊಳ್ಳಬೇಕು. ರೈಲು ನಿಲ್ದಾಣದ ಸಾಮಾನು ಕೊಠಡಿಯಲ್ಲಿ ಇರಿಸುವುದಾದರೆ ಪೆಟ್ಟಿಗೆಗಳಿಗೆ ಬೀಗ ಹಾಕಿರಬೇಕು ಹಾಗೂ ಪ್ರಯಾಣದ ಟಿಕೆಟ್ ತೋರಿಸಬೇಕು.

ದೊಡ್ಡ ವಿಹಾರ ಹಡಗುಗಳಲ್ಲಿ ಇಳಿಯುವ ಹಿಂದಿನ ರಾತ್ರಿಯೇ ದೊಡ್ಡ ಪೆಟ್ಟಿಗೆಗಳನ್ನು ಕೊಠಡಿಯ ಹೊರಗೆ ಇರಿಸುವಂತೆ ಸೂಚಿಸಲಾಗುತ್ತದೆ. ಔಷಧಿ, ಗುರುತಿನ ಚೀಟಿ, ಹಣ ಮತ್ತು ಮರುದಿನದ ಉಡುಪನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು.

ಬಂದರಿನ ಪ್ರವೇಶಕ್ಕೆ ಟಿಕೆಟ್ ಮತ್ತು ಮೂಲ ಗುರುತಿನ ಚೀಟಿ ಅಗತ್ಯ. ಲಕ್ಷದ್ವೀಪಕ್ಕೆ ತೆರಳುವವರು ಅಲ್ಲಿನ ಆಡಳಿತದ ಪ್ರವೇಶ ಅನುಮತಿಯನ್ನು ಪ್ರಯಾಣಕ್ಕೆ ಮೊದಲೇ ಪಡೆದಿರಬೇಕು. ವಿದೇಶಿ ಬಂದರುಗಳನ್ನು ಮುಟ್ಟುವ ಯಾನಕ್ಕೆ ಪಾಸ್‌ಪೋರ್ಟ್ ಹಾಗೂ ಆಯಾ ದೇಶದ ವೀಸಾ ನಿಯಮಗಳು ಅನ್ವಯಿಸುತ್ತವೆ.

ಹಿಂದಿರುಗುವ ದಿನದ ಎಚ್ಚರಿಕೆ

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನ ಪ್ರಯಾಣವು ದ್ವೀಪವನ್ನು ಅವಲಂಬಿಸಿ ಸುಮಾರು 14ರಿಂದ 18 ಗಂಟೆಗಳ ಅವಧಿಯದ್ದಾಗಿದೆ. ಕೆಲವು ದ್ವೀಪಗಳಲ್ಲಿ ಹಡಗು ದೂರದಲ್ಲಿ ನಿಂತು, ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ಕರೆದೊಯ್ಯಲಾಗುತ್ತದೆ. ಸಮುದ್ರ ಪ್ರಕ್ಷುಬ್ಧವಾಗಿದ್ದಲ್ಲಿ ಹತ್ತುವ ಇಳಿಯುವ ಕಾರ್ಯ ನಿಧಾನವಾಗಿ, ಹಡಗು ತಡವಾಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಈ ಸಾಧ್ಯತೆ ಹೆಚ್ಚು. ಆದಕಾರಣ ಹಡಗು ಮರಳುವ ದಿನ ಬೆಳಗಿನ ವಿಮಾನ ಅಥವಾ ರೈಲಿಗೆ ಟಿಕೆಟ್ ಕಾಯ್ದಿರಿಸಬಾರದು. ಆ ದಿನದ ನಗರ ವೀಕ್ಷಣೆಯು ಕೇವಲ ಮನರಂಜನೆಯಲ್ಲ. ಹಡಗು ತಡವಾದಾಗ ವೀಕ್ಷಣೆಯನ್ನು ಕೈಬಿಟ್ಟು ರೈಲನ್ನು ಹಿಡಿಯಲು ಅದು ಬಿಡುವಿನ ಸಮಯವಾಗಿಯೂ ಒದಗುತ್ತದೆ.

ಸಮುದ್ರ ಯಾನದ ನಂತರ ಕೆಲವರಿಗೆ ಕೆಲವು ಗಂಟೆಗಳ ಕಾಲ ನೆಲವೇ ತೂಗಿದಂತೆ ಭಾಸವಾಗುತ್ತದೆ. ಹಿರಿಯ ನಾಗರಿಕರು ಇಳಿದ ಕೂಡಲೇ ನಡಿಗೆ ಆರಂಭಿಸದೆ, ಉಪಾಹಾರ ಹಾಗೂ ವಿಶ್ರಾಂತಿಯ ನಂತರ ನಗರ ವೀಕ್ಷಣೆಗೆ ತೆರಳುವುದು ಸೂಕ್ತ.

ವಿಶೇಷ ಸೂಚನೆ: ಹಡಗಿನ ವೇಳಾಪಟ್ಟಿ, ವೀಕ್ಷಣೆಯ ಸಮಯ ಮತ್ತು ಪ್ರವೇಶ ಶುಲ್ಕಗಳು ಬದಲಾವಣೆಗೆ ಒಳಪಟ್ಟಿರುತ್ತವೆ. ಪ್ರವಾಸಿಗರು ಹೊರಡುವ ಮುನ್ನ ಸಂಬಂಧಪಟ್ಟ ಸಂಸ್ಥೆಗಳಲ್ಲಿ ಖಚಿತಪಡಿಸಿಕೊಂಡು, ಹಡಗಿನ ಟಿಕೆಟ್‌ನ ಒಂದು ಪ್ರತಿಯನ್ನು ಮನೆಯವರ ಬಳಿಯೂ ಬಿಟ್ಟು ಪ್ರಯಾಣಿಸಲು ಕೋರಲಾಗಿದೆ.