ಶಾಲೆ ಮಕ್ಕಳು ನಿಮ್ಮ ಹೊಲಕ್ಕೆ ಬರ್ತೀವಿ ಅಂದ್ರೆ ಏನು ತಯಾರಿ ಬೇಕು?

ದೀಪಾವಳಿ ಕಳೆದು ಸಂಕ್ರಾಂತಿ ಬರುವಷ್ಟರಲ್ಲಿ ಶಾಲಾ ಪ್ರವಾಸಗಳ ಕಾಲ. ಈಗೀಗ ರೈತರಿಗೂ ಮೇಷ್ಟ್ರ ಫೋನ್ ಬರ್ತಿದೆ: "ಮಕ್ಕಳನ್ನ ಒಂದು ದಿನ ನಿಮ್ಮ ತೋಟಕ್ಕೆ ಕರ್ಕೊಂಡು ಬರಬಹುದಾ?" ನಾವು "ಬನ್ನಿ ಸಾರ್, ಅದಕ್ಕೇನಂತೆ" ಅಂದುಬಿಡ್ತೀವಿ. ಏನು ತೋರಿಸೋದು, ಎಲ್ಲಿಗೆ ಬಿಡಬಾರದು ಅನ್ನೋ ಯೋಚನೆ ಬರೋದು ಹಿಂದಿನ ರಾತ್ರಿ. ಇಂಥ ಭೇಟಿಗಳಲ್ಲಿ ನಾನೂ ಹಲವು ಸಲ ಜೊತೆಗಿದ್ದೆ. ಅಲ್ಲಿ ನೋಡಿದ್ದನ್ನೇ ಈ ವಾರ ಬರೀತಿದ್ದೇನೆ.

ಶಾಲೆಗಳು ಯಾಕೆ ಬರ್ತವೆ ಅಂದ್ರೆ, ಪರಿಸರ ಪಾಠ ಈಗ ಐಚ್ಛಿಕ ಅಲ್ಲ. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ 1991ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಲು ಕ್ರಮ ಕೈಗೊಳ್ಳಿ ಅಂತ ಹೇಳಿತ್ತು. ನಮ್ಮ ಅರಣ್ಯ ಇಲಾಖೆ 'ಚಿಣ್ಣರ ವನದರ್ಶನ' ಹೆಸರಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತೆ. ಆದರೆ ದೂರದ ಪರಿಸರ ಕೇಂದ್ರಕ್ಕೆ ಹೋಗಿಬರೋ ಬಸ್ ಬಾಡಿಗೆ ಹಳ್ಳಿ ಶಾಲೆಗೆ ದೊಡ್ಡ ಹೊರೆ. ನಿಮ್ಮ ಹೊಲವಾದರೆ ನಡೆದೇ ಬರಬಹುದು.

ರೈತರ ಊರೇ ಪಾಠಶಾಲೆ ಆಗಬಹುದು ಅನ್ನೋದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದಡಿ ಬೀಳೋ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡು ಬಂದವರು ಆ ಊರಿನವರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯ್ತು. ಹಕ್ಕಿ ಎಷ್ಟು ಚೆಂದ ಅನ್ನೋದು ಫೋನಿನಲ್ಲೂ ಕಾಣುತ್ತೆ. ಊರಿಗೆ ಹೋದರೆ ಮಾತ್ರ ಗೊತ್ತಾಗೋದು ಬೇರೆ: ಗೂಡಿರೋ ಹುಣಸೆ ಮರದ ಫಸಲು ಒಡೆಯನ ಕೈಗೆ ಪೂರ್ತಿ ಸಿಗಲ್ಲ, ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ. ಪರಿಸರ ಉಳಿಸೋದರಲ್ಲಿ ಯಾರದೋ ಜೇಬಿನ ಲೆಕ್ಕವೂ ಇದೆ ಅಂತ ಮಕ್ಕಳಿಗೆ ಅಲ್ಲಿ ತಿಳಿಯುತ್ತೆ. ನಿಮ್ಮ ಹೊಲದಲ್ಲೂ ಆ ಲೆಕ್ಕ ಮುಚ್ಚಿಡಬೇಡಿ. ಈರುಳ್ಳಿಗೆ ಖರ್ಚಾಗಿದ್ದೆಷ್ಟು, ಬಂದಿದ್ದೆಷ್ಟು ಅಂತ ಮಕ್ಕಳು ಕೇಳಿದರೆ ನಿಜವನ್ನೇ ಹೇಳಿ.

ಮೊದಲು ಅಪಾಯದ ಜಾಗಗಳು. ಎಲ್ಲಕ್ಕಿಂತ ಹೆಚ್ಚು ಭಯ ಇರೋದು ಕೃಷಿ ಹೊಂಡದ್ದು. ಕೃಷಿ ಭಾಗ್ಯ ಬಂದಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳು ಊರೂರಲ್ಲಿವೆ. ಹಾಳೆಗೆ ಪಾಚಿ ಕಟ್ಟಿದರೆ ಈಜು ಬರೋ ದೊಡ್ಡವರಿಗೂ ಹತ್ತಿ ಬರೋಕೆ ಆಗಲ್ಲ, ಕೈಗೆ ಹಿಡಿತವೇ ಸಿಗಲ್ಲ. ಬೇಲಿ ಇಲ್ಲದಿದ್ದರೆ ಮಕ್ಕಳನ್ನು ಆ ಕಡೆ ಕರೆಯಲೇಬೇಡಿ. ಬೇಲಿ ಇದ್ದರೂ ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಒಂದನ್ನು ದಡದಲ್ಲಿಡಿ. ಈ ಹಗ್ಗ ಮಕ್ಕಳು ಬರೋ ದಿನಕ್ಕೆ ಮಾತ್ರ ಅಲ್ಲ, ವರ್ಷವಿಡೀ ಇರಲಿ. ಹೊಂಡಕ್ಕೆ ಬೀಳೋದು ಹೆಚ್ಚಾಗಿ ಮನೆಯವರೇ.

ತೆರೆದ ಬಾವಿ, ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿ, ಸೋಲಾರ್ ಬೇಲಿ, ಜೇನುಗೂಡು ಇವುಗಳ ಸುತ್ತ ಒಂದು ಬಣ್ಣದ ಹಗ್ಗ ಕಟ್ಟಿ, ದಾಟಬಾರದು ಅಂತ ಮೊದಲೇ ಹೇಳಿ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲೇಬೇಕು ಅಂತ ಮೇಷ್ಟ್ರಿಗೆ ಸ್ಪಷ್ಟ ಮಾಡಿ. ಹಾವಿನ ಕಡಿತಕ್ಕೆ ಔಷಧ ಇರೋ ಆಸ್ಪತ್ರೆ ಯಾವುದು ಅಂತ ತಿಳಿದಿಟ್ಟುಕೊಳ್ಳಿ.

ಔಷಧಿ ಹೊಡೆದು ವಾರವೂ ಆಗದ ಹೊಲಕ್ಕೆ ಮಕ್ಕಳು ಬೇಡ. ದಿನ ನಿಗದಿ ಮಾಡುವಾಗಲೇ ನಿಮ್ಮ ಸಿಂಪಡಣೆ ನೋಡಿಕೊಳ್ಳಿ. ಡಬ್ಬಿಗಳಿಗೆ ಬೀಗ ಹಾಕಿ, ಆದರೆ ಒಂದು ಲೇಬಲ್‌ನ ಫೋಟೊ ತೆಗೆದು ಮಕ್ಕಳಿಗೆ ತೋರಿಸಿ. ಅದರ ಮೇಲಿನ ಡೈಮಂಡ್ ಆಕಾರದ ಗುರುತಿನಲ್ಲಿ ಕೆಳಗಿನ ಅರ್ಧ ಕೆಂಪಾದರೆ ಅತ್ಯಂತ ವಿಷ. ಆಮೇಲೆ ಹಳದಿ, ನೀಲಿ, ಹಸಿರು ಅಂತ ವಿಷದ ತೀವ್ರತೆ ಇಳಿಯುತ್ತೆ. ಹಸಿರು ಅಂದ್ರೆ ಅಪಾಯವೇ ಇಲ್ಲ ಅಂತಲ್ಲ. ಖಾಲಿ ಕ್ಯಾನಿನಲ್ಲಿ ನೀರು ತರೋ ಅಭ್ಯಾಸ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಅದನ್ನು ನಿಲ್ಲಿಸೋಕೆ ಕೃಷಿ ಅಧಿಕಾರಿಗಿಂತ ಆರನೇ ಕ್ಲಾಸಿನ ಮಗಳ ಮಾತಿಗೆ ಬಲ ಜಾಸ್ತಿ.

ಇನ್ನು ಪಾಠ. ಮೈಕ್ ಹಿಡಿದು ಭಾಷಣ ಮಾಡಬೇಡಿ, ಹತ್ತು ನಿಮಿಷಕ್ಕೆ ಮಕ್ಕಳ ಗಮನ ಕಳೆದುಹೋಗುತ್ತೆ. ಅವರ ಕೈಗೆ ಅಳೆಯೋ ಕೆಲಸ ಕೊಡಿ. ಒಳ್ಳೆ ಪರಿಸರ ಕೇಂದ್ರಗಳಲ್ಲಿ ನಡೆಯೋದೂ ಅದೇ, ಸಾಮಾನಿಗೆ ನೂರು ರೂಪಾಯಿಯೂ ಬೇಕಿಲ್ಲ. ಅವರು ಬರೆದುಕೊಳ್ಳೋ ಅಂಕಿ ನಿಮಗೇ ಉಪಯೋಗ ಅನ್ನೋದನ್ನ ಮರೀಬೇಡಿ.

ಹಳೇ ಎಣ್ಣೆ ಡಬ್ಬ ಎರಡು ತಗೊಂಡು, ಮೇಲೂ ಕೆಳಗೂ ಕತ್ತರಿಸಿ, ಅಂಚು ತಟ್ಟಿ ನಯ ಮಾಡಿ. ಒಂದನ್ನು ಪ್ರತಿ ವರ್ಷ ಉಳುವ ಜಾಗದಲ್ಲಿ, ಇನ್ನೊಂದನ್ನು ಹುಲ್ಲು ಬೆಳೆದ ಬದುವಿನಲ್ಲಿ ಎರಡಿಂಚು ಆಳಕ್ಕೆ ಒತ್ತಿ. ಎರಡಕ್ಕೂ ಒಂದೇ ಅಳತೆಯ ನೀರು ಸುರಿದು, ಇಂಗೋಕೆ ಎಷ್ಟು ನಿಮಿಷ ಬೇಕು ಅಂತ ಫೋನಿನಲ್ಲಿ ನೋಡಬೇಕು. ಮೊದಲ ಸಲದ ನೀರನ್ನು ಒಣ ಮಣ್ಣು ಸುಮ್ಮನೆ ಹೀರುತ್ತೆ, ಎರಡನೇ ಸಲದ ಲೆಕ್ಕವೇ ಲೆಕ್ಕ. ಉಳುವ ಜಾಗದಲ್ಲಿ ನೀರು ನಿಂತೇ ಇದ್ದರೆ, ಜೋರು ಮಳೆ ಬಂದಾಗ ನಿಮ್ಮ ಮೇಲ್ಮಣ್ಣು ಹಳ್ಳಕ್ಕೆ ಹೋಗ್ತಿದೆ ಅಂತ ಅರ್ಥ.

ಇನ್ನೊಂದು ಗುಂಪಿಗೆ ಎರಡು ಗಾಜಿನ ಲೋಟ ನೀರು. ಒಂದಕ್ಕೆ ಬದುವಿನ ಒಣ ಹೆಂಟೆ, ಇನ್ನೊಂದಕ್ಕೆ ಹೊಲದ ಒಣ ಹೆಂಟೆ ಮೆಲ್ಲಗೆ ಬಿಡಿ. ಬೇರು, ಶಿಲೀಂಧ್ರಗಳ ಅಂಟು ಇರೋ ಹೆಂಟೆ ಗಟ್ಟಿಯಾಗಿ ಕೂರುತ್ತೆ. ಸಾವಯವ ಅಂಶ ಕಳೆದುಕೊಂಡದ್ದು ನಿಮಿಷಗಳಲ್ಲಿ ಕರಗಿ ಬಗ್ಗಡ ಆಗುತ್ತೆ. ಮಕ್ಕಳು ಇದನ್ನು ಪಂದ್ಯದ ಹಾಗೆ ನೋಡ್ತಾರೆ. ತಮ್ಮ ಹೊಲದ ಹೆಂಟೆ ಸೋತದ್ದು ನೋಡಿ, ಕೊಟ್ಟಿಗೆ ಗೊಬ್ಬರ ಹೊಡೆಸೋಕೆ ಓಡಾಡಿದ ರೈತರನ್ನೂ ನಾನು ನೋಡಿದ್ದೇನೆ.

ನನಗೆ ತುಂಬಾ ಇಷ್ಟ ಬಿಳಿ ಬಟ್ಟೆಯ ಆಟ. ಅಲಸಂದೆ ಅಥವಾ ಅವರೆ ಗಿಡದ ಕೆಳಗೆ ಬಿಳಿ ಪಂಚೆ ಹಾಸಿ ಗಿಡ ಅಲುಗಿಸಬೇಕು. ಬಿದ್ದ ಹುಳುಗಳನ್ನು ಮುಟ್ಟದೆ ಎಣಿಸಿ, ಫೋಟೊ ತೆಗೆದು, ಮಿತ್ರ ಯಾವುದು ಶತ್ರು ಯಾವುದು ಅಂತ ಬೇರೆ ಮಾಡಬೇಕು. ಗುಲಗಂಜಿ ಹುಳುವನ್ನು ಎಲ್ಲರೂ ಗುರುತಿಸ್ತಾರೆ. ಅದರ ಮರಿ ಮಾತ್ರ ಪುಟ್ಟ ಮೊಸಳೆಯ ಹಾಗೆ, ಕಪ್ಪು ಮೈ ಮೇಲೆ ಕಿತ್ತಳೆ ಚುಕ್ಕೆ. ಇದೇನೋ ಹೊಸ ಕೀಟ ಅಂತ ಔಷಧಿ ಹೊಡೆಯೋರು ಬಹಳ. ನಿಜಕ್ಕೂ ಅದು ಸಸ್ಯಹೇನುಗಳನ್ನು ಹಗಲೂ ರಾತ್ರಿ ತಿನ್ನೋ ಕೂಲಿಯಾಳು. ಎಲೆಯ ಮೇಲೆ ಕೂದಲೆಳೆಯ ತುದಿಯಲ್ಲಿ ನಿಂತ ಬಿಳಿ ಮೊಟ್ಟೆ ಕಂಡರೆ ಅದು ಕ್ರೈಸೋಪರ್ಲಾದ್ದು, ಅದೂ ನಮ್ಮವನೇ. ಇಂಥ ಸಣ್ಣದೆಲ್ಲ ನಮಗಿಂತ ಮೊದಲು ಮಕ್ಕಳ ಕಣ್ಣಿಗೆ ಬೀಳುತ್ತೆ. ಮಿತ್ರರು, ಜೇಡಗಳು ಚೆನ್ನಾಗಿ ಸಿಕ್ಕಿದರೆ ಮುಂದಿನ ಸಿಂಪಡಣೆ ನಾಲ್ಕು ದಿನ ತಡೆದು ನೋಡಬಹುದು.

ಸಮಯ ಬೆಳಿಗ್ಗೆ ಎಂಟೂವರೆಯಿಂದ ಹನ್ನೆರಡು, ಸಾಕು. ಗುಂಪುಗಳು ಮುಕ್ಕಾಲು ಗಂಟೆಗೊಮ್ಮೆ ಜಾಗ ಬದಲಾಯಿಸಲಿ. ನೆರಳು, ಕುಡಿಯೋ ನೀರು, ಶೌಚಾಲಯ ಇದೆಯಾ ನೋಡಿ. ಹೆಣ್ಣುಮಕ್ಕಳಿಗೆ ಇದು ದೊಡ್ಡ ವಿಷಯ, ಯಾರೂ ಬಾಯಿಬಿಟ್ಟು ಕೇಳಲ್ಲ. ಮಣ್ಣು ಮುಟ್ಟಿದ ಕೈಗೆ ಊಟದ ಮೊದಲು ಸೋಪು ಕೊಡಿ. ದುಡ್ಡಿನ ಮಾತು: ಊರಿನ ಸರ್ಕಾರಿ ಶಾಲೆಗೆ ತಗೋಬೇಡಿ. ಪಟ್ಟಣದ ಖಾಸಗಿ ಶಾಲೆ ಬಸ್ಸಿನಲ್ಲಿ ಬಂದರೆ ಮುಜುಗರ ಬಿಟ್ಟು ಊಟಕ್ಕೂ ನಿಮ್ಮ ಅರ್ಧ ದಿನಕ್ಕೂ ಕೇಳಿ, ಮೊದಲೇ ಕೇಳಿ.

ಹೊರಡೋ ಮುನ್ನ ಪ್ರತಿ ಗುಂಪೂ ಒಂದು ಸೀಸೆಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಲಿ. ಒಂದು ನಿಮಿಷಕ್ಕೆ ಮರಳು ತಳಕ್ಕೆ ಕೂರುತ್ತೆ, ಅಲ್ಲಿಗೆ ಒಂದು ಗೆರೆ. ಎರಡು ಗಂಟೆಗೆ ನಯವಾದ ಗೋಡು. ಜೇಡಿ ಇಳಿಯೋಕೆ ಒಂದೆರಡು ದಿನ ಬೇಕು. ಅದಕ್ಕೇ ಸೀಸೆಗಳನ್ನು ಶಾಲೆಗೆ ಕಳಿಸಿಕೊಡಿ. ಶನಿವಾರ ಬಂದವರು ಸೋಮವಾರ ಕೊನೆಯ ಗೆರೆ ಎಳೆದು, ಸ್ಕೇಲಿನಲ್ಲಿ ಅಳೆದು, ನಿಮ್ಮ ವಾಟ್ಸಾಪಿಗೆ ಫೋಟೊ ಹಾಕ್ತಾರೆ.